ಬಾಡಿಗೆ ಗೋಡೆಯ ಮೇಲೆ ಗಿರಿಜೆಯ ಚಿತ್ರಗಳು

ಹೆಂಡತಿಯ ಪ್ರತಿಭೆಯ ಬಗ್ಗೆ ಹೆಮ್ಮೆಪಡುವುದು ಸುಲಭ. ಆ ಪ್ರತಿಭೆಗೆ ಜಾಗ ಮಾಡಿಕೊಡಲು ಸೋಫಾ ಎತ್ತುವುದಿದೆಯಲ್ಲ, ಅದು ಸೊಂಟಕ್ಕೆ ಸಂಬಂಧಪಟ್ಟ ವಿಷಯ. ನಾನು ಮಕರಪುರದ ಒಂದು ಕಾರ್ಖಾನೆಯಲ್ಲಿ ಇಂಜಿನಿಯರು. ಹನ್ನೊಂದು ವರ್ಷಗಳ ಹಿಂದೆ ಧಾರವಾಡದಿಂದ ವಡೋದರಾಕ್ಕೆ ಬಂದಾಗ, ಭಾಷೆ ಬಾರದ ಊರಿನಲ್ಲಿ ಹೊತ್ತು ಹೋಗಲೆಂದು ಗಿರಿಜಾ ಕುಂಚ ಹಿಡಿದಳು. ಈಗ ಅವಳಿಗೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ನನಗೆ ಊಟದ ಹೊತ್ತು ಮೀರಿದ್ದು ಗೊತ್ತಾಗುತ್ತದೆ. ಈ ಚಳಿಗಾಲದ ಒಂದು ಭಾನುವಾರ ಮನೆಯ ಬಾಗಿಲು ತೆರೆದಿಟ್ಟು, ಬಂದವರಿಗೆಲ್ಲ ತನ್ನ ಚಿತ್ರ ತೋರಿಸುವುದೆಂದು ಅವಳು ನಿರ್ಧರಿಸಿದಳು. ಅವುಗಳ ಅರ್ಥ ವಿವರಿಸುವ ಹುದ್ದೆಗೆ ನನ್ನನ್ನು ನಾನೇ ನೇಮಿಸಿಕೊಂಡೆ.

ತೊಡಕಿದ್ದುದು ಮೊಳೆಯದು. ಮಂಜಲ್‌ಪುರದ ಈ ಮನೆಯ ಮಾಲೀಕರು ಕೆಳಗಿನ ಮನೆಯ ಜಯಂತಿಭಾಯಿ. ಕ್ಯಾಲೆಂಡರಿಗೂ ಮೊಳೆ ಹೊಡೆಯಲು ಬಿಟ್ಟವರಲ್ಲ. ನಮ್ಮ ಕ್ಯಾಲೆಂಡರು ಫ್ರಿಜ್ಜಿನ ಮೇಲೆ ಮಲಗಿಕೊಂಡೇ ತಿಂಗಳು ಕಳೆಯುತ್ತದೆ. ನಾನು ಇಂಜಿನಿಯರ್ ಬುದ್ಧಿ ಓಡಿಸಿ, ಶನಿವಾರ ಮಧ್ಯಾಹ್ನ ಈ ಕಿಟಕಿಯಿಂದ ಆ ಕಿಟಕಿಗೆ ಬಟ್ಟೆ ಒಣಹಾಕುವ ಹಗ್ಗ ಬಿಗಿದು ಚಿತ್ರಗಳನ್ನು ತೂಗುಹಾಕಿದೆ. ಹಗ್ಗ ಎರಡು ನಿಮಿಷ ತಡೆದುಕೊಂಡಿತು, ಆಮೇಲೆ ಹರಿದು ಚಿತ್ರಗಳನ್ನೆಲ್ಲ ನೆಲಕ್ಕೆ ಕೆಡವಿತು. ಆ ಸದ್ದಿಗೆ ಜಯಂತಿಭಾಯಿ ಮೇಲೆ ಬಂದರು.

ಮೊದಲು ಗೋಡೆಗಳನ್ನು ತಪಾಸಣೆ ಮಾಡಿದರು. ಆಮೇಲೆ ನೆಲದ ಮೇಲೆ ಬಿದ್ದಿದ್ದ ದೊಡ್ಡ ಚಿತ್ರ ಕಣ್ಣಿಗೆ ಬಿತ್ತು. ನಮ್ಮ ಗೇಟಿನ ಬಳಿ ತರಕಾರಿ ಮಾರುವ ರುಖಿಬೆನ್ ತಕ್ಕಡಿ ಎತ್ತಿ ಹಿಡಿದಿರುವ ಚಿತ್ರ. ಜಯಂತಿಭಾಯಿ ಅದನ್ನು ಬಹಳ ಹೊತ್ತು ನೋಡಿ, ದಡದಡನೆ ಮೆಟ್ಟಿಲಿಳಿದು ಹೋದರು. ಮನೆ ಖಾಲಿ ಮಾಡಿಸುತ್ತಾರೆಂದು ನಾನು ಹೆದರಿದೆ. ಆದರೆ ಅವರು ಡ್ರಿಲ್ಲಿಂಗ್ ಮಷೀನು ಹಿಡಿದು ವಾಪಸು ಬಂದರು. ನಮ್ಮ ರುಖಿ ನೆಲದ ಮೇಲಿರಬಾರದು ಎಂದು ಹೇಳಿ, ಗಿರಿಜಾ ತೋರಿಸಿದ ಕಡೆಯಲ್ಲೆಲ್ಲ ತಮ್ಮ ಗೋಡೆಯನ್ನು ತಾವೇ ಕೊರೆದರು. ಇಂಜಿನಿಯರು ಸ್ಟೂಲು ಹಿಡಿದುಕೊಂಡಿದ್ದ.

ಭಾನುವಾರ ಹಾಲ್ ತುಂಬ ಜನ. ಆ ತಕ್ಕಡಿಯ ಓರೆಯಲ್ಲಿ ಬದುಕಿನ ಅಸಮತೋಲನ ಅಡಗಿದೆಯೆಂದು ನಾನು ವಿವರಿಸುತ್ತಿದ್ದಾಗ, ಗಿರಿಜಾ ಕರೆದಿದ್ದ ರುಖಿಬೆನ್ ಬಂದರು. ಹೊಸ ಬಾಂಧಣಿ ಸೀರೆ ಉಟ್ಟಿದ್ದರು. ಚಿತ್ರದ ಮುಂದೆ ನಿಂತಾಗ ಅವರ ಮುಖ ಮೆಲ್ಲಗೆ ಬಾಡಿತು.

“ಬೆನ್, ಬದನೆಕಾಯಿಯ ತಟ್ಟೆ ಮೇಲೆ ಹೋಗಿದೆ,” ಎಂದು ಗಿರಿಜಾಗೆ ಗುಜರಾತಿಯಲ್ಲಿ ಮೆತ್ತಗೆ ಹೇಳಿದರು. “ನೋಡಿದವರು ನಾನು ತೂಕದಲ್ಲಿ ಮೋಸ ಮಾಡುತ್ತೇನೆ ಅಂದುಕೊಳ್ಳುತ್ತಾರೆ.”

ಗಡ್ಡದ ಕಲಾವಿದರೊಬ್ಬರು, ಮುಗಿದ ಚಿತ್ರವನ್ನು ಮುಟ್ಟಬಾರದು ಎಂದು ಗೊಣಗಿದರು. ಗಿರಿಜಾ ಚಿತ್ರವನ್ನೊಮ್ಮೆ, ರುಖಿಬೆನ್ನರನ್ನೊಮ್ಮೆ ನೋಡಿ ನನ್ನತ್ತ ತಿರುಗಿದಳು.

“ಅವ್ರು ಹೇಳೋದು ಖರೇ ಅದ. ಬಣ್ಣ, ಕುಂಚ ತರ್ರಿ.”

ಅಷ್ಟು ಜನರ ಎದುರಿಗೇ ತಕ್ಕಡಿಯನ್ನು ತಿದ್ದತೊಡಗಿದಳು. ಎರಡೂ ತಟ್ಟೆ ಸಮವಾದಾಗ ರುಖಿಬೆನ್, ಬದನೆಕಾಯಿಯ ಕಡೆ ಇನ್ನೂ ಸ್ವಲ್ಪ ತಗ್ಗಬೇಕು, ತಾನು ಯಾವಾಗಲೂ ಒಂದು ಕಾಯಿ ಹೆಚ್ಚಿಗೆ ಹಾಕುವವಳು ಎಂದರು. ಗಿರಿಜಾ ಅದನ್ನೂ ತಗ್ಗಿಸಿದಳು. ಆಗ ನೋಡಿ, ಗಡ್ಡದವರೇ ಮೊದಲು ಚಪ್ಪಾಳೆ ತಟ್ಟಿದರು.

ಆಮೇಲೆ ರುಖಿಬೆನ್ ಚಿತ್ರದ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತು, ಬಂದವರಿಗೆಲ್ಲ ತಾವೇ ವಿವರಿಸತೊಡಗಿದರು. ಅಸಮತೋಲನದ ಬಗ್ಗೆ ನನ್ನಲ್ಲಿ ಇನ್ನೂ ಹತ್ತು ನಿಮಿಷದ ಮಾತು ಉಳಿದಿತ್ತು, ಕೇಳುವವರಿರಲಿಲ್ಲ. ಚಹದ ಟ್ರೇ ಎತ್ತಿಕೊಂಡೆ. ಹೊಸದಾಗಿ ಬಂದ ಹೆಂಗಸೊಬ್ಬರು ನೀವು ಯಾರು ಎಂದು ಕೇಳಿದಾಗ, ಇದನ್ನೆಲ್ಲ ಬರೆದವಳ ಗಂಡ ಎಂದು ಎದೆಯುಬ್ಬಿಸಿ ಹೇಳಿದೆ. ಅವರು ಒಂದು ಗುಟುಕು ಕುಡಿದು, ಚಿತ್ರಗಳು ಬಹಳ ಚೆನ್ನಾಗಿವೆ, ಚಹಕ್ಕೆ ಮಾತ್ರ ಸಕ್ಕರೆ ಸಾಲದು ಎಂದರು. ಆ ದಿನ ಮನೆಯಲ್ಲಿ ಪ್ರದರ್ಶನಕ್ಕಿದ್ದ ನನ್ನ ಸ್ವಂತ ಕೃತಿ ಅದೊಂದೇ.