ಸಿಂಹಗರ್ಜನೆ ಜಲಪಾತದ ಅಭಿಪ್ರಾಯ ಪುಸ್ತಕ

ಗಲಾಟೆಗೆ ಕಾರಣ ಎರಡೇ ಸಾಲು. ಜಪಾನಿನ ಒಂದು ಹಳ್ಳಿಯ ಸಿಂಹಗರ್ಜನೆ ಜಲಪಾತದ ಬಳಿ ಇಟ್ಟ ಅಭಿಪ್ರಾಯ ಪುಸ್ತಕದಲ್ಲಿ ಯಾರೋ ಬರೆದಿದ್ದರು: "ಎರಡು ಗಂಟೆ ಬಸ್ಸಲ್ಲಿ ಕೂತು ಬಂದದ್ದು ಇದಕ್ಕಾ? ನಮ್ಮನೆ ಬಚ್ಚಲ ನಲ್ಲಿ ಇದಕ್ಕಿಂತ ಜೋರಾಗಿ ಗರ್ಜಿಸುತ್ತೆ."

ಅಲ್ಲಿನ ಪ್ರವಾಸಿ ಮಾಹಿತಿ ಕೇಂದ್ರದ ಏಕೈಕ ಸಿಬ್ಬಂದಿ ನುಕುಯಿ ಅದನ್ನೋದಿ ಪೆಚ್ಚಾಗಿ ಕೂತಿದ್ದಾಗಲೇ ಮೇಲಧಿಕಾರಿಯ ಫೋನು ಬಂತು.

"ನುಕುಯಿಯವರೇ, ಹನ್ನೊಂದರ ಬಸ್ಸಿಗೆ ಪ್ರವಾಸ ಪತ್ರಿಕೆಯವರೊಬ್ರು ಬರ್ತಿದಾರೆ. ಅವರು ನಮ್ಮ ಜಲಪಾತದ ಬಗ್ಗೆ ಬರೆದ್ರೆ ನಿಮ್ಮ ಕೇಂದ್ರ ಉಳಿಯುತ್ತೆ. ಬರೀಲಿಲ್ವೋ, ಬಾಗಿಲು ಹಾಕಿ ಚರಂಡಿ ವಿಭಾಗಕ್ಕೆ ಬನ್ನಿ. ಅಲ್ಲೂ ನೀರೇ."

ಈ ಮಾತು ಪಕ್ಕದ ತಿಂಡಿ ಅಂಗಡಿಯ ಇಸೊ ಅಜ್ಜಿಯ ಕಿವಿಗೆ ಬಿತ್ತು. ಅಂದ ಮೇಲೆ ಊರಿಗೇ ಬಿದ್ದಂತೆ. ಐದೇ ನಿಮಿಷದಲ್ಲಿ, ಅಗ್ನಿಶಾಮಕ ದಳದಿಂದ ನಿವೃತ್ತನಾದ ಮೊರೊಕಾ ಹಳೆಯ ಹೆಲ್ಮೆಟ್ ಸಮೇತ ಹಾಜರಾದ.

"ನೀರು ಕಮ್ಮಿ, ಅಷ್ಟೇ ತಾನೆ? ಮೇಲ್ಗಡೆ ತೊರೆಗೆ ಹಲಗೆ ಅಡ್ಡ ಇಟ್ಟು ನೀರು ತಡೆದಿಡ್ತೀನಿ. ಆ ಮನುಷ್ಯ ಕ್ಯಾಮೆರಾ ಎತ್ತಿದ ತಕ್ಷಣ ಬಿಡ್ತೀನಿ."

"ಬೇಡ ಮೊರೊಕಾ ಅವರೇ, ದಯವಿಟ್ಟು..."

"ನೀನು ಸುಮ್ನಿರು ಮರಿ," ಎನ್ನುತ್ತಾ ಹಿಂದೆಯೇ ಒಳಬಂದ ಅಜ್ಜಿ ಪುಸ್ತಕದ ಆ ಹಾಳೆ ಹರಿದು ಒಲೆಗೆ ಹಾಕಿ, ಹೊಸ ಹಾಳೆಯಲ್ಲಿ ಬರೆಯತೊಡಗಿದಳು: "ಟೋಕಿಯೋದಿಂದ ಬಂದೆ. ಅತ್ತುಬಿಟ್ಟೆ." ಅದರ ಕೆಳಗೆ: "ಒಸಾಕಾದಿಂದ ಬಂದೆ. ನಾನೂ ಅತ್ತೆ."

"ಅಜ್ಜೀ, ಅಕ್ಷರ ಎಲ್ಲಾ ಒಂದೇ ಥರ ಇದೆಯಲ್ಲ!"

"ಅಳುವಾಗ ಎಲ್ಲರ ಅಕ್ಷರವೂ ಹೀಗೇ ಆಗೋದು."

ಹನ್ನೊಂದಕ್ಕೆ ಪತ್ರಿಕೆಯ ಉಶಿಯಾಮಾ, ದಪ್ಪ ಕನ್ನಡಕದವನು, ಬಸ್ಸಿಳಿದ. ಬಂಡೆಯ ಮೇಲೆ ಯಾರೋ ಮರೆತುಹೋದ ಒಂದೆಳೆ ಸೋಬಾ ಶಾವಿಗೆಯಂತೆ ನೀರು ಜೋತಾಡುತ್ತಿತ್ತು.

"ಜಲಪಾತ ಎಲ್ಲಿ?"

"ತಾವು ನೋಡ್ತಿರೋದೇ," ಎಂದ ನುಕುಯಿ, ಯಾರದೋ ಸಾವಿನ ಸುದ್ದಿ ತಿಳಿಸುವವನಂತೆ.

"ಇದೇನಾ?" ಅದೇಕೋ ಉಶಿಯಾಮಾನ ಮುಖ ಅರಳಿತು. ಉತ್ಸಾಹದಿಂದ ಬಂಡೆಯ ಬುಡಕ್ಕೇ ಹೋಗಿ ಕ್ಯಾಮೆರಾ ಎತ್ತಿದ.

ಸಿಂಹ ಗರ್ಜಿಸಿತು. ನೀರು, ಕೆಸರು, ಹಲಗೆ, ಕಡೆಗೆ ಮೊರೊಕಾನ ಹೆಲ್ಮೆಟ್, ಎಲ್ಲವೂ ಸಾಲಾಗಿ ಇಳಿದುಬಂದವು. ಉಶಿಯಾಮಾ ತೊಟ್ಟಿಯಿಂದ ಎತ್ತಿದ ಬೆಕ್ಕಿನಂತೆ ನಿಂತಿದ್ದ.

ಅಜ್ಜಿ ಅವನನ್ನು ಎಳೆದುಕೊಂಡೇ ಮನೆಗೆ ಹೋದಳು. ಬಿಸಿನೀರ ಸ್ನಾನವಾಯಿತು. ತೀರಿಹೋದ ಗಂಡನ ಹತ್ತಿಯ ಅಂಗಿ ತೊಡಿಸಿದಳು. ಸೋಯಾ ಕಾಳಿನ ಮಿಸೊ ಗೊಜ್ಜು ಸವರಿ ಕೆಂಡದ ಮೇಲೆ ಸುಟ್ಟ ತೋಫು ಬಡಿಸಿದಳು. ಮೊರೊಕಾ ಮೂವತ್ತು ಸಲ ಬಾಗಿ ಕ್ಷಮೆ ಕೇಳಿ, ಆಮೇಲೆ ಒಂದು ಹಾಡೂ ಹೇಳಿದ. ತಾಸು ಕಳೆಯುವುದರೊಳಗೆ ಉಶಿಯಾಮಾನ ಕೆನ್ನೆ ಕೆಂಪೇರಿತ್ತು, ಕಣ್ಣು ತುಂಬಿತ್ತು.

"ಇಂಥ ಜಾಗ ನಾನು ಎಲ್ಲೂ ನೋಡಿಲ್ಲ!"

ನುಕುಯಿಗೆ ಹೋದ ಜೀವ ಬಂತು. "ಹಾಗಾದ್ರೆ ಪತ್ರಿಕೇಲಿ ಬರೀತೀರಲ್ವಾ ಸಾರ್?"

ಉಶಿಯಾಮಾ ನಿಟ್ಟುಸಿರಿಟ್ಟ. "ಅದೇ ಕಷ್ಟ ನೋಡಿ. ನಾವು ತರ್ತಿರೋದು 'ಜಪಾನಿನ ಮಹಾ ನಿರಾಶೆಯ ತಾಣಗಳು' ಅಂತ ವಿಶೇಷ ಸಂಚಿಕೆ. ಅದರಲ್ಲಿ ಹೆಸರು ಬಂದ್ರೆ ಸಾಕು, ಎಷ್ಟು ನಿರಾಶೆ ಆಗುತ್ತೆ ಅಂತ ನೋಡೋಕೇ ಬಸ್ಸುಗಟ್ಟಲೆ ಜನ ಬರ್ತಾರೆ. ಜಲಪಾತ ಕಂಡ ಕ್ಷಣ ಮೊದಲನೇ ಸ್ಥಾನ ನಿಮಗೇ ಅಂದ್ಕೊಂಡಿದ್ದೆ."

ನುಕುಯಿ ಚಾಪೆಗೆ ಹಣೆ ಹಚ್ಚಿದ. "ಸಾರ್, ಒಂದು ಚೂರೂ ನಿರಾಶೆ ಆಗ್ಲಿಲ್ವಾ? ತಲೆ ಮೇಲೆ ಹಲಗೆ ಬಿತ್ತಲ್ಲ ಸಾರ್, ದೊಡ್ಡ ಹಲಗೆ..."

"ಪ್ರಯತ್ನ ಮಾಡ್ತಾನೇ ಇದೀನಿ ನುಕುಯಿಯವರೇ. ಆಗ್ತಿಲ್ಲ."

ಅಷ್ಟರಲ್ಲಿ ಇಸೊ ಅಜ್ಜಿ ಮೂರನೇ ತಟ್ಟೆ ಹಿಡಿದು ಒಳಬಂದಳು.

"ತಿನ್ನಪ್ಪಾ, ಸಂಕೋಚ ಬೇಡ. ನಾವಿರುವಾಗ ಈ ಊರಿಂದ ಒಬ್ಬರೂ ನಿರಾಶೆ ಪಟ್ಟು ಹೋಗಬಾರದು."