ಪಾಲಕೋಡಿನಿಂದ ಕೊಳತ್ತೂರಿನವರೆಗೆ ನಾನು ಹರಿಸಿದ ಹಿಮನದಿ

ಮೇ ತಿಂಗಳಲ್ಲಿ ಸೇಲಂನ ಟಾರು ರಸ್ತೆಗೆ ಚಪ್ಪಲಿ ಅಂಟಿಕೊಳ್ಳುತ್ತದೆ. ಇಂಥ ಊರಿನ ಮೇಲೆ ಒಂದಾನೊಂದು ಕಾಲದಲ್ಲಿ ಹಿಮನದಿ ಹರಿದಿತ್ತು ಎಂದು ಸಾಬೀತು ಮಾಡಲು ಒಬ್ಬ ಮನುಷ್ಯನಿಗೆ ಏನು ಬೇಕು? ವಿಜ್ಞಾನದ ಪದವಿ ಬೇಡ. ನಿವೃತ್ತಿ ಸಾಕು. ಅದು ನನಗೆ ಹೋದ ವರ್ಷ ಸಿಕ್ಕಿತು.

ಮೂವತ್ತೈದು ವರ್ಷ ಸರ್ಕಾರಿ ಕಚೇರಿಯೊಂದರ ಕಡತ ವಿಭಾಗದಲ್ಲಿ ಕೂತಿದ್ದವನು ನಾನು. ಕಳೆದುಹೋದ ಕಡತ ಹುಡುಕುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಕಳೆಯುವುದರಲ್ಲೂ ಇರಲಿಲ್ಲ. ಕೋಟ್ಯಂತರ ವರ್ಷಗಳ ಹಿಂದೆ ಕಾಣೆಯಾದ ಹಿಮನದಿಯನ್ನು ಹುಡುಕಲು ಇದಕ್ಕಿಂತ ಹೆಚ್ಚಿನ ಅರ್ಹತೆ ಬೇಕೆಂದು ನನಗೆ ಅನ್ನಿಸಲಿಲ್ಲ.

ಆದರೂ ನಿಜ ಹೇಳಿಬಿಡುತ್ತೇನೆ. ನನಗೆ ಬೇಕಾಗಿದ್ದದ್ದು ಹಿಮನದಿಯಲ್ಲ. ನನ್ನ ಮಾವನ ಬಾಯಿಂದ ಒಂದು ಮಾತು.

ನಮ್ಮದು ತಲೆತಲಾಂತರದಿಂದ ಸೇಲಂನಲ್ಲಿದ್ದು ಕನ್ನಡ ಮಾತಾಡುವ ನೇಕಾರರ ಕುಲ. ಮಾವ ಚೌಡಯ್ಯನವರು ವೇಷ್ಟಿ, ಅಂದರೆ ಪಂಚೆ, ನೇಯುವುದರಲ್ಲಿ ಹೆಸರಾದವರು, ಎಂಬತ್ತು ದಾಟಿದರೂ ಕಣ್ಣು ಚುರುಕು. ಮದುವೆಯ ಮಾತುಕತೆಯ ದಿನ ಅವರು ನನ್ನನ್ನು ಮಗ್ಗದ ಮುಂದೆ ಕೂರಿಸಿ, ಕಡಿದುಹೋಗಿದ್ದ ಒಂದು ಎಳೆ ತೋರಿಸಿ, "ಗಂಟಾಕು" ಎಂದರು. ಹಾಕಿದೆ. ನನ್ನ ಬೆರಳೂ ಆ ಗಂಟಿನೊಳಗೆ ಸೇರಿಕೊಂಡಿತು. ಬಿಡಿಸಿಕೊಳ್ಳುವ ಅವಸರದಲ್ಲಿ ಇನ್ನೂ ನಲವತ್ತು ಎಳೆ ಕಡಿದವು.

ಸರ್ಕಾರಿ ಕೆಲಸ ಇದೆಯೆಂದು ಹೆಣ್ಣನ್ನೇನೋ ಕೊಟ್ಟರು. ಆದರೆ ಅಂದಿನಿಂದ ಮೂವತ್ತೊಂದು ವರ್ಷ ನನ್ನೊಡನೆ ನೇರವಾಗಿ ಒಂದೇ ಒಂದು ಮಾತಾಡಲಿಲ್ಲ. ನಾನು ಎದುರಿಗೇ ಕೂತಿದ್ದರೂ ಎಲ್ಲವೂ ಮಗಳ ಮೂಲಕ. "ಸಾವಿತ್ರಿ, ನಿನ್ ಗಂಡನ್ಗೆ ಕಾಪಿ ಬೇಕಾ ಕೇಳು." ನಾನೂ ಕಚೇರಿಯ ಶಿಸ್ತಿನವನು, ಬಂದ ದಾರಿಯಲ್ಲೇ ಉತ್ತರ ಕಳಿಸುತ್ತಿದ್ದೆ. "ಸಾವಿತ್ರಿ, ಬೇಕು ಅಂತ ಹೇಳು."

ಹೋಗಲಿ, ಮಗ್ಗ ಬಿಟ್ಟವರ ಮೇಲೆಲ್ಲ ಅವರಿಗೆ ಸಿಟ್ಟು ಎನ್ನೋಣವೆಂದರೆ ಅದೂ ಇಲ್ಲ. ಬಾಮೈದ ಮುರುಗೇಶನೂ ಮಗ್ಗ ಬಿಟ್ಟವನೇ. ಒಂದು ಜೆಸಿಬಿ ಇಟ್ಟುಕೊಂಡು ಎರಡು ಜಿಲ್ಲೆ ಸುತ್ತುತ್ತಾ ಮಣ್ಣು ಅಗೆಯುತ್ತಾನೆ. ಅವನ ಜೊತೆ ಮಾವ ಗಂಟೆಗಟ್ಟಲೆ ಹರಟುತ್ತಾರೆ. ಮಣ್ಣು ಅಗೆಯುವವನಿಗೆ ಇರುವ ಮರ್ಯಾದೆ ಕಡತ ಅಗೆದವನಿಗೆ ಯಾಕಿಲ್ಲ ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು. ಮುಚ್ಚಿಡುವುದೇನು, ಚೆನ್ನಾಗಿಯೇ ಉರಿಯುತ್ತಿತ್ತು.

ಹೀಗಿರುವಾಗ ಒಂದು ದಿನ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದೆ. ಯಾವುದೋ ಚಳಿದೇಶದಲ್ಲಿ ಗಡ್ಡದ ವಿಜ್ಞಾನಿಯೊಬ್ಬ ಬಂಡೆಯ ಮುಂದೆ ಮಂಡಿಯೂರಿ ಕೂತಿದ್ದ. ಅವನು ಹೇಳಿದ್ದು ಇಷ್ಟು: ಹಿಮನದಿ ಎಂದರೆ ನಿಧಾನವಾಗಿ ಜಾರುವ ಹಿಮದ ಗುಡ್ಡ. ಅದು ತಳದಲ್ಲಿ ಕಲ್ಲುಗಳನ್ನು ಕಚ್ಚಿಕೊಂಡು, ಕೆಳಗಿನ ಬಂಡೆಯ ಮೇಲೆ ಒಂದೇ ದಿಕ್ಕಿಗೆ ಗೀರು ಎಳೆಯುತ್ತಾ ಹೋಗುತ್ತದೆ. ಹಿಮ ಕರಗಿದರೂ ಗೀರು ಉಳಿಯುತ್ತದೆ. ಆ ಗೀರುಗಳು ಎಲ್ಲೆಲ್ಲಿವೆ ಎಂದು ಗುರುತು ಹಾಕುತ್ತಾ ಹೋದರೆ, ಹಿಮನದಿ ಎಲ್ಲಿಯವರೆಗೆ ಹಬ್ಬಿತ್ತು ಎಂಬ ನಕ್ಷೆ ಸಿದ್ಧ. ಭಾರತವೂ ಒಂದು ಕಾಲಕ್ಕೆ ದಕ್ಷಿಣ ಧ್ರುವದ ಪಕ್ಕದಲ್ಲಿತ್ತು ಎಂದೂ ಸೇರಿಸಿದ. ಭಾರತ ಎಂದ ಮೇಲೆ ಸೇಲಂ ಬಂದೇ ಬಂತಲ್ಲ!

ಅದಾದ ವಾರಕ್ಕೆ ಸಾವಿತ್ರಿಯ ತೊಕ್ಕಿಗೆ ಟೊಮೆಟೊ ತರಲು ಪಾಲಕೋಡ್ ಸಂತೆಗೆ ಸ್ಕೂಟರಿನಲ್ಲಿ ಹೋದೆವು. ವಾಪಸು ಬರುವಾಗ ಟಯರು ಪಂಕ್ಚರ್ ಆಯಿತು. ಗಾಡಿಯನ್ನು ಪಕ್ಕಕ್ಕೆ ತಳ್ಳಿದರೆ, ಅಲ್ಲೊಂದು ಹೊಸ ಹಳ್ಳ, ತಳದಲ್ಲಿ ಬಂಡೆ. ಬಂಡೆಯ ಮೇಲೆ ಬೆಳ್ಳಗೆ ಐದು ಗೀರು. ಐದೂ ನೇರ, ಐದೂ ಒಂದೇ ದಿಕ್ಕಿಗೆ. ನನ್ನ ಮಂಡಿ ತಾನಾಗಿಯೇ ಊರಿತು.

"ರೀ, ಬಿಸ್ಲಾಗೆ ಅಲ್ಲೇನ್ ಮಾಡ್ತಿದೀರಾ? ಟಯರ್ ಈ ಕಡೆ ಐತೆ," ಎಂದಳು ಸಾವಿತ್ರಿ.

"ಸಾವಿತ್ರಿ, ಇಲ್ಲಿ ಐಸು ಹರ್ದೈತೆ."

"ಯಾರ್ದು, ಸರ್ಬತ್ ಗಾಡಿದಾ?"

ನಾನು ತಾಳ್ಮೆಯಿಂದ ಹಿಮಯುಗವನ್ನು ವಿವರಿಸಿದೆ. ಅವಳು ಟೊಮೆಟೊ ಬುಟ್ಟಿಯ ಮೇಲೆ ಸೆರಗು ಹೊದಿಸಿ ಪೂರ್ತಿ ಕೇಳಿಸಿಕೊಂಡಳು.

"ಕರೆಂಟ್ ಓದ್ರೆ ನಮ್ ಫ್ರಿಜ್ಜಾಗೇ ಐಸ್ ನಿಲ್ಲಾಕಿಲ್ಲ. ಪಾಲಕೋಡ್ನಾಗೆ ಎಂಗ್ ನಿಂತಿತ್ತು?"

ಜಗತ್ತಿನ ಎಲ್ಲ ಮಹಾನ್ ಶೋಧಕರಿಗೂ ಮನೆಯಲ್ಲಿ ಇದೇ ಗತಿ ಎಂದು ಸಮಾಧಾನ ಮಾಡಿಕೊಂಡು ಟಯರಿನ ಕಡೆ ಹೋದೆ.

ಮರುದಿನದಿಂದ ಸಮೀಕ್ಷೆ ಆರಂಭವಾಯಿತು. ಗೀರಿನ ಮೇಲೆ ಬಟ್ಟೆ ಹಾಸಿ ಇದ್ದಿಲು ಉಜ್ಜಿದರೆ, ಗೀರು ಇದ್ದ ಹಾಗೆಯೇ ಬಟ್ಟೆಗೆ ಇಳಿಯುತ್ತದೆ. ಮೊದಲು ಕಾಗದದಲ್ಲಿ ಪ್ರಯತ್ನಿಸಿದೆ, ಹರಿಯಿತು. ಆಮೇಲೆ ಬೀರುವಿನಿಂದ ವೇಷ್ಟಿ ತೆಗೆದೆ. ಪ್ರತಿ ದೀಪಾವಳಿಗೂ ಮಾವ ಮಗಳ ಕೈಯಲ್ಲಿ ಕಳಿಸುತ್ತಿದ್ದ ವೇಷ್ಟಿಗಳು ಅವು. ಹಾಲಿನಂಥ ಬಿಳುಪು.

"ಅದು ಅಪ್ಪ ನೇಯ್ದಿದ್ದು. ಅದ್ರ ಮೇಲೆ ಇದ್ಲು ಉಜ್ತೀರಾ?" ಎಂದಳು ಸಾವಿತ್ರಿ.

"ವಿಜ್ಞಾನದ ಸೇವೆಗೆ ನಿಮ್ಮಪ್ಪನ ಕಾಣಿಕೆ ಅಂತ ಬರಿತೀನಿ," ಎಂದೆ.

ಮೂರು ತಿಂಗಳು ಅಲೆದೆ. ಪಾಲಕೋಡಿನ ಸುತ್ತಮುತ್ತ ಏಳು ಕಡೆ ಗೀರು ಸಿಕ್ಕಿದವು. ಪಾಪಿರೆಡ್ಡಿಪಟ್ಟಿಯ ಕಡೆ ಹೋದೆ, ಅಲ್ಲೂ ಸಿಕ್ಕಿದವು. ಮೀನಿನ ಬುಟ್ಟಿಗಳ ನಡುವೆ ಬಸ್ಸಿನಲ್ಲಿ ನಿಂತು ಕೊಳತ್ತೂರಿಗೆ ಹೋದೆ, ಅಲ್ಲೂ ಇದ್ದವು. ಹಿಮನದಿ ನಾನು ಹೋದಲ್ಲೆಲ್ಲ ನನಗಿಂತ ಮೊದಲೇ ಬಂದು ಹೋಗಿತ್ತು.

ಕೆಲವು ಸಂಗತಿಗಳು ನನ್ನನ್ನು ಬೆರಗುಗೊಳಿಸಿದವು. ಗೀರುಗಳು ಸಿಕ್ಕುತ್ತಿದ್ದದ್ದು ಹೊಸದಾಗಿ ಅಗೆದ ಚರಂಡಿ, ಹಳ್ಳ, ಕೆರೆಯಂಗಳಗಳಲ್ಲಿ ಮಾತ್ರ. ಯಾರೋ ಪುಣ್ಯಾತ್ಮರು ನನಗೋಸ್ಕರವೇ ಮಣ್ಣು ತೆಗೆದಿಟ್ಟ ಹಾಗೆ! ಎಲ್ಲ ಕಡೆಯೂ ಗೀರು ಐದೇ, ಮತ್ತು ಐದರಲ್ಲಿ ಮೂರನೆಯದು ಮಸುಕು. ಎಲ್ಲವೂ ಒಂದೇ ಹಿಮನದಿಯ ಕೆಲಸ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಪಾಪಿರೆಡ್ಡಿಪಟ್ಟಿಯ ಹತ್ತಿರ ಅದು ಮಾರಿಯಮ್ಮನ ಗುಡಿಯವರೆಗೆ ನೆಟ್ಟಗೆ ಬಂದು, ಗುಡಿಯನ್ನು ಬಳಸಿ ಆಚೆ ಹೋಗಿತ್ತು. ಪ್ರಾಚೀನ ಹಿಮಕ್ಕೂ ದೇವರ ಭಯವಿತ್ತು. ಕೊಳತ್ತೂರಿನ ಆಚೆ ಒಂದು ಬಟಾಬಯಲಿನ ನಡುವೆ ಗೀರುಗಳು ಕತ್ತರಿಸಿದಂತೆ ನಿಂತುಹೋಗಿದ್ದವು. ಅಲ್ಲಿ ನಿಂತು ಟೋಪಿ ತೆಗೆದು ಒಂದು ನಿಮಿಷ ಮೌನ ಆಚರಿಸಿದೆ.

ನಡುವೆ ಒಂದು ಬೆಳಿಗ್ಗೆ ಮುರುಗೇಶ ಬಾಗಿಲಲ್ಲಿ ನಿಂತು ಕೇಳಿದ್ದ, "ಬಾವ, ಪಾಪಿರೆಡ್ಡಿಪಟ್ಟಿಗಾ? ನಂಗೂ ಆ ಕಡೆನೇ ಕೆಲ್ಸ. ಬನ್ನಿ, ಒಟ್ಗೆ ಓಗನ."

"ಇದು ಸಂಶೋಧನೆ ಮುರುಗೇಶ, ಮಣ್ಣು ಅಗಿಯೋದಲ್ಲ," ಎಂದೆ.

"ಸರಿ ಬಾವ," ಎಂದು ಅವನು ನಕ್ಕು ಹೋದ. ನಾನು ಕೊಟ್ಟ ಆ ಉತ್ತರವನ್ನು ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ನಕ್ಷೆಯನ್ನು ಸೀರೆಯ ಅಂಚಿನ ವಿನ್ಯಾಸ ಬರೆಯುವ ಚೌಕುಳಿ ಹಾಳೆಯ ಮೇಲೆ ಬಿಡಿಸಿದೆ, ಮನೆಯಲ್ಲಿ ಇದ್ದದ್ದು ಅದೇ. ಪಾಲಕೋಡಿನಲ್ಲಿ ತಲೆ, ಪಾಪಿರೆಡ್ಡಿಪಟ್ಟಿಯಲ್ಲಿ ಹೊಟ್ಟೆ, ಕೊಳತ್ತೂರಿನ ಕಡೆಗೆ ಬಾಲ. ಒಟ್ಟಾರೆ ಹಲ್ಲಿಯ ಹಾಗೆ ಕಾಣುತ್ತಿತ್ತು. ಬಾಲದ ತುದಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದೆ: "ಹಿಮಯುಗದ ಅಂತ್ಯ."

ನಮ್ಮ ಕುಲದವರ ಕಲ್ಯಾಣಮಂಟಪದಲ್ಲಿ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಸಭೆ ಸೇರುತ್ತದೆ. ಆ ಭಾನುವಾರ ನನ್ನ ಉಪನ್ಯಾಸ, ಆಮೇಲೆ ಪೊಂಗಲ್ಲು. ಪೊಂಗಲ್ಲು ಇರುವ ಸುದ್ದಿ ತಿಳಿದು ಅರವತ್ತು ಜನ ಬಂದರು. ಮಾವ ಮೊದಲ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಈ ಸಭೆಯ ಕೊನೆಗೆ ಅವರು "ಭಲೇ" ಎನ್ನಬೇಕು. ಅದೂ ಸಾವಿತ್ರಿಗಲ್ಲ, ನನಗೆ.

ಗೋಡೆಯುದ್ದಕ್ಕೂ ಇದ್ದಿಲು ಬಳಿದ ವೇಷ್ಟಿಗಳನ್ನು ಇಳಿಬಿಟ್ಟಿದ್ದೆ. ಮುಕ್ಕಾಲು ಗಂಟೆ ಮಾತಾಡಿದೆ. "ಮಾನ್ಯರೇ, ತಾವು ಈಗ ಕೂತಿರುವ ಜಾಗದ ಮೇಲೆ ಕುತ್ತಿಗೆ ಮಟ್ಟ ಹಿಮವಿತ್ತು" ಎಂದಾಗ ಹಿಂದಿನ ಸಾಲಿನ ಅಜ್ಜಿಯೊಬ್ಬರು ಸೆರಗು ಹೊದ್ದುಕೊಂಡರು. ಅಷ್ಟು ಪ್ರಭಾವಶಾಲಿಯಾಗಿತ್ತು.

ಮುಗಿಸುತ್ತಿದ್ದಂತೆ ಮಾವ ಎದ್ದರು. ಅವರು ಮೆಲ್ಲಗೆ ಮೊದಲನೆಯ ವೇಷ್ಟಿಯ ಹತ್ತಿರ ಹೋಗಿ, ಕನ್ನಡಕ ಒರೆಸಿ, ಮೊದಲು ತಾವು ನೇಯ್ದ ಅಂಚನ್ನು ಸವರಿ ನಿಟ್ಟುಸಿರು ಬಿಟ್ಟರು. ಆಮೇಲೆ ಗೀರಿನ ಮೇಲೆ ಬೆರಳಿಟ್ಟರು.

"ಸಾವಿತ್ರಿ, ಇದು ಯಾವೂರ್ದು ಕೇಳು."

"ಪಾಲಕೋಡ್ ಅಂತ ಹೇಳು," ಎಂದೆ.

"ಇದು?"

"ಪಾಪಿರೆಡ್ಡಿಪಟ್ಟಿ ಅಂತ ಹೇಳು."

"ಇದು?"

"ಕೊಳತ್ತೂರು ಅಂತ ಹೇಳು."

ಪ್ರತಿ ವೇಷ್ಟಿಯ ಮೇಲೂ ಒಂದು ಗೀರಿನಿಂದ ಇನ್ನೊಂದು ಗೀರಿಗೆ ಬೆರಳುಗಳಿಂದ ಅಳೆದರು. ತುಟಿಯಲ್ಲೇ ಏನೋ ಎಣಿಸಿದರು. ಆಮೇಲೆ ತಿರುಗಿ, ಸಾವಿತ್ರಿಯನ್ನು ದಾಟಿ, ನನ್ನ ಕಣ್ಣಿಗೆ ಕಣ್ಣಿಟ್ಟು ನೋಡಿದರು.

"ಅಳಿಯಂದ್ರೇ," ಎಂದರು.

ಮೂವತ್ತೊಂದು ವರ್ಷ! ಸಾವಿತ್ರಿ ಪಕ್ಕದ ಕುರ್ಚಿಯನ್ನು ಹಿಡಿದುಕೊಂಡಳು.

"ಮಗ್ಗದಾಗೆ ಅಚ್ಚು ಅಂತ ಐತಲ್ಲಾ, ಎಳೆ ತೂರ್ಸೋ ಬಾಚಣಿಗೆ, ಅದ್ರಾಗೆ ಒಂದ್ ಹಲ್ಲು ಕೆಟ್ರೆ ಬಟ್ಟೆ ಉದ್ದಕೂ ಅದೇ ಜಾಗ್ದಾಗೆ ತಪ್ಪು ಬೀಳ್ತೈತೆ. ಇದೂ ಅಂಗೇ. ಐದ್ ಹಲ್ಲು, ಮೂರ್ನೇದು ಮೊಂಡು. ಮೂರೂರ್ಗೂ ಒಂದೇ ಅಚ್ಚು."

"ಅದೇ ಮಾವ, ಅದನ್ನೇ ನಾನು ಹೇಳಿದ್ದು. ಒಂದೇ ಹಿಮನದಿ!" ಎಂದೆ, ಕುಣಿಯುವುದೊಂದೇ ಬಾಕಿ.

"ಐಸ್ಗೆ ಐದು ಅಂತ ಎಣ್ಸಾಕೆ ಬರಾಕಿಲ್ಲ ಅಳಿಯಂದ್ರೇ," ಎಂದವರು ಹಿಂದೆ ತಿರುಗಿದರು. "ಲೇ ಮುರುಗೇಶ, ನಿನ್ ಗಾಡಿ ಬಕೆಟ್ಗೆ ಹಲ್ಲೆಷ್ಟು?"

ಮುರುಗೇಶ ಆಗಲೇ ಪೊಂಗಲ್ಲಿನ ಸಾಲಿನಲ್ಲಿ ಎಲೆ ಹಿಡಿದು ನಿಂತಿದ್ದ. "ಐದಪ್ಪ. ಮೂರ್ನೇದು ಮೊಂಡಾಗೋಗೈತೆ, ಬದ್ಲಾಯಿಸ್ಬೇಕು."

ಅರವತ್ತು ಜನ ಒಮ್ಮೆಗೇ ನಕ್ಕರೆ ಎಷ್ಟು ಸದ್ದಾಗುತ್ತದೆ ಎಂಬುದನ್ನು ಹತ್ತಿರದಿಂದ ಕೇಳಿದವರಿಗೇ ಗೊತ್ತು. ನಾನು ವೇದಿಕೆಯಲ್ಲೇ ಇದ್ದೆ, ಮೈಕು ಕೂಡ ನನ್ನ ಕೈಯಲ್ಲೇ ಇತ್ತು.

ಮುರುಗೇಶನೊಬ್ಬ ನಗಲಿಲ್ಲ. ಎಲೆ ಹಿಡಿದುಕೊಂಡೇ ಬಂದು ನಕ್ಷೆಯ ಮುಂದೆ ನಿಂತ. ಹೆತ್ತ ಮಗುವಿನ ಮುಖ ನೋಡುವಂತೆ ನೋಡಿದ.

"ಬಾವ, ಎಲ್ಲಾ ಕರೆಕ್ಟಾಗೈತೆ! ಈ ಗುಡಿ ಹತ್ರ ಪೂಜಾರಿ ಅಗಿಯಾಕೆ ಬಿಡ್ಲಿಲ್ಲ, ಸುತ್ತಾಕ್ಕೊಂಡು ಓಗಿದ್ದೆ. ಅದ್ನೂ ಇಡ್ದಿದೀರಾ."

"ಹಿಮಯುಗದ ಅಂತ್ಯ?" ಕೆಂಪು ಶಾಯಿಯ ಮೇಲೆ ಬೆರಳಿಟ್ಟು ಕೇಳಿದೆ.

"ಇದಾ? ಇಲ್ಲಿ ಡೀಸಲ್ ಮುಗ್ದೋಯ್ತು ಬಾವ."

ಆ ದಿನ ನಾನು ಪೊಂಗಲ್ಲು ತಿನ್ನಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ತಿಂದೆ, ಎರಡು ಸಲ ಹಾಕಿಸಿಕೊಂಡೆ. ಮುಖ ತಗ್ಗಿಸಿಕೊಂಡಿರಲು ಎಲೆಗಿಂತ ಒಳ್ಳೆಯ ಜಾಗ ಇರಲಿಲ್ಲ.

ವೇಷ್ಟಿಗಳನ್ನು ಸಾವಿತ್ರಿ ಮೂರು ಸಲ ಒಗೆದರೂ ಇದ್ದಿಲು ಹೋಗಿಲ್ಲ. ಈಗ ನಾನು ಮದುವೆಮನೆಗೆ ಹೋದರೆ ಸೊಂಟದ ಸುತ್ತ ಐದು ಗೀರು ಇರುತ್ತವೆ, ಮೂರನೆಯದು ಮಸುಕು. ನಕ್ಷೆಯನ್ನು ಮುರುಗೇಶ ಕೇಳಿ ತೆಗೆದುಕೊಂಡು, ಕಟ್ಟು ಹಾಕಿಸಿ ತನ್ನ ಶೆಡ್ಡಿನಲ್ಲಿ ತೂಗುಹಾಕಿದ್ದಾನೆ. ತನ್ನ ಗಾಡಿ ಎಲ್ಲೆಲ್ಲಿ ಕೆಲಸ ಮಾಡಿದೆ ಎಂದು ಬಂದವರಿಗೆಲ್ಲ ತೋರಿಸುತ್ತಾನಂತೆ. ಮೊಂಡು ಹಲ್ಲನ್ನೂ ಬದಲಾಯಿಸಿದ. ವೈಜ್ಞಾನಿಕವಾಗಿ ಹೇಳುವುದಾದರೆ, ಎರಡನೆಯ ಹಿಮಯುಗ ಆರಂಭವಾಗಿದೆ.

ಆದರೆ ಒಂದು ಒಪ್ಪಿಕೊಳ್ಳಬೇಕು. ಮಾವ ಈಗ ಸಾವಿತ್ರಿಯ ಮೂಲಕ ಮಾತಾಡುವುದಿಲ್ಲ. ಪ್ರತಿ ಭಾನುವಾರ ನನ್ನ ಪಕ್ಕದಲ್ಲೇ ಕೂತು, ತಾವೇ ನನ್ನ ಕೈಗೆ ಕಾಫಿ ಲೋಟ ಕೊಟ್ಟು, ಎಲ್ಲರೆದುರು ನೇರವಾಗಿ ನನ್ನನ್ನೇ ಕೇಳುತ್ತಾರೆ.

"ಅಳಿಯಂದ್ರೇ, ಹಿಮ ಈಗ ಎಲ್ಲೀಗಂಟ ಬಂದೈತೆ?"

ನಾನು ಮುರುಗೇಶನಿಗೆ ಫೋನ್ ಮಾಡಿ ಕೇಳಿಕೊಂಡು, ಹೇಳುತ್ತೇನೆ.