ಮೂರು ಬೆರಳಿನ ಲ್ಯಾಪ್‌ಟಾಪ್ ವೈದ್ಯ

ಕೊಟ್ಟೂರಿನಲ್ಲಿ ನನ್ನ ಬಲಗೈಯ ಮೂರು ಬೆರಳುಗಳಿಗೆ ಇರುವ ಹೆಸರು ನನಗೇ ಇಲ್ಲ! ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಆ ಮೂರನ್ನೂ ಇಟ್ಟು, ಕಣ್ಣು ಮುಚ್ಚಿ, ಎರಡು ಸಲ "ಹೂಂ" ಅಂದೆನೆಂದರೆ ಒಳಗಿನ ರೋಗ ತಾನಾಗಿ ಹೊರಗೆ ಬಂದು ಕೈಮುಗಿದು ನಿಲ್ಲುತ್ತದೆ. ಗಿರಾಕಿ ಬಾಯಿ ಬಿಡುವಂತಿಲ್ಲ. ನಮ್ಮಜ್ಜ ದನದ ವೈದ್ಯ. ನಾಡಿ ಹಿಡಿದು ರೋಗ ಹೇಳುತ್ತಿದ್ದವರೇ ಹೊರತು ಯಾರನ್ನೂ ಏನೂ ಕೇಳಿದವರಲ್ಲ. ಮೊಮ್ಮಗ ಕೇಳುತ್ತಾನೆಯೇ?

ಒಮ್ಮೆ ಬೆರಳಿಟ್ಟು "ಇದರ ಒಳಗೆ ಇರುವೆ ಹೊಕ್ಕಿವೆ" ಅಂದೆ. ಬಿಚ್ಚಿದರೆ ಇರುವೆ! ಮುಚ್ಚಳದ ಸಂದಿಯಿಂದ ಒಂದು ಇರುವೆ ಇಣುಕಿದ್ದನ್ನು ನಾನು ಮೊದಲೇ ಕಂಡಿದ್ದೆ ಎಂಬುದು ನಮ್ಮಿಬ್ಬರಲ್ಲೇ ಇರಲಿ. ಸುದ್ದಿ ಕೂಡ್ಲಿಗಿ ಮುಟ್ಟುವ ಹೊತ್ತಿಗೆ ಇರುವೆ ಚೇಳಾಗಿತ್ತು. ಹಿರೇಹಡಗಲಿಯಲ್ಲಿ ಅದೇ ಚೇಳು ಹೆಡೆ ಎತ್ತಿತ್ತು. ತಂಬ್ರಹಳ್ಳಿಯ ಮಹಾನುಭಾವನೊಬ್ಬ, ಕೆಟ್ಟ ಲ್ಯಾಪ್‌ಟಾಪ್ ಇಲ್ಲದ್ದಕ್ಕೆ, ಮೇವು ಬಿಟ್ಟ ಎಮ್ಮೆಯನ್ನೇ ಟೆಂಪೋದಲ್ಲಿ ಹೇರಿಕೊಂಡು ಬಂದ!

ಆಗ, ಅಂದರೆ ಎರಡು ಸಾವಿರದ ಎಂಟರಲ್ಲಿ, ನನ್ನ ಆಸ್ಪತ್ರೆ ಇದ್ದದ್ದು ನಮ್ಮ ಮನೆಯ ಪಡಸಾಲೆಯಲ್ಲಿ. ಮೂರು ವರ್ಷದಿಂದ ಬೀಗರು ಬಂದರೆ ಅಡುಗೆಮನೆಯಲ್ಲಿ ಕೂರುತ್ತಿದ್ದರು, ಪಡಸಾಲೆಯಲ್ಲಿ ಹೊಟ್ಟೆ ಬಿಚ್ಚಿದ ಲ್ಯಾಪ್‌ಟಾಪ್‌ಗಳು ಕಾಲು ಚಾಚಿ ಮಲಗುತ್ತಿದ್ದವು. ಹೆಂಡತಿ ನಾಗಲಿಂಗಮ್ಮನಿಗೆ ನಾನೊಂದು ಮಾತು ಕೊಟ್ಟಿದ್ದೆ: ಕಾಲೇಜಿನ ಹನ್ನೆರಡು ಲ್ಯಾಪ್‌ಟಾಪ್‌ಗಳ ವರ್ಷದ ಸರ್ವೀಸು ಕೆಲಸ ಸಿಕ್ಕಿತೋ, ಬಸ್‌ಸ್ಟ್ಯಾಂಡ್ ಹತ್ತಿರ ಅಂಗಡಿ ಹಿಡಿದು ಪಡಸಾಲೆ ಅವಳಿಗೆ ಬಿಟ್ಟುಕೊಡುತ್ತೇನೆ. ಕೆಲಸ ಕೊಡುವವರು ಪ್ರಿನ್ಸಿಪಾಲ್ ಅಮರೇಶ್ ಸರ್. "ನಿಮ್ಮ ಬೆರಳಿನ ವಿದ್ಯೆ ಕಣ್ಣಾರೆ ನೋಡಿದ ಮ್ಯಾಲೆ ಮಾತು" ಎಂದು ಶನಿವಾರ ಸಂಜೆ ಐದಕ್ಕೆ ಬರುವುದಾಗಿ ಹೇಳಿಕಳಿಸಿದ್ದರು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಉಜ್ಜಿನಿಯ ಪಾಲಾಕ್ಷಪ್ಪ ಬಂದರು. ಮದುವೆ ಸಂಬಂಧ ಕುದುರಿಸುವವರು. ಫೋಟೋ ತುಂಬಿದ ಕೈಚೀಲ ಬಿಟ್ಟು ಎರಡು ವರ್ಷದಿಂದ ಲ್ಯಾಪ್‌ಟಾಪ್ ಹಿಡಿದಿದ್ದರು. ಬ್ಯಾಗಿನಿಂದ ಅದನ್ನು ತೆಗೆದು ಮೇಜಿನ ಮೇಲಿಟ್ಟು ಶುರು ಮಾಡಿದರು.

"ಗಂಗಾಧರಪ್ಪಾರ, ಏನಿಲ್ರಿ, ಇದಕ್ಕ ಸ್ವಲ್ಪ..."

"ಹೇಳಬ್ಯಾಡ್ರಿ!" ಎಂದು ಗರ್ಜಿಸಿದೆ.

"ಅಲ್ರಿ, ಬರೇ..."

"ಬರೇನೂ ಬ್ಯಾಡ, ಪೂರಾನೂ ಬ್ಯಾಡ! ಸಂಜಿ ಐದಕ್ಕ ಬರ್ರಿ. ಏನಾಗೈತಿ ಅಂತ ನಾನ ನಿಮಗ ಹೇಳ್ತೀನಿ."

ಪಾಲಾಕ್ಷಪ್ಪ ಅಂಗೈ ಚೆಲ್ಲಿದರು. ಬ್ಯಾಗನ್ನು ಗೂಟಕ್ಕೆ ತೂಗುಹಾಕಿ ಬಸ್ಸು ಹಿಡಿಯಲು ಓಡಿದರು.

ಅಡುಗೆಮನೆಯಿಂದ ಬಾಣ ಬಂತು. "ಏನಾಗೈತಿ ಅಂತ ಒಂದು ಮಾತು ಕೇಳಿದ್ರ ನಿಮ್ಮ ಗಂಟೇನು ಹೋಗ್ತಿತ್ತು?"

"ನಮ್ಮಜ್ಜ ಯಾರನ್ನೂ ಕೇಳಿದಾಂವಲ್ಲ!"

"ನಿಮ್ಮಜ್ಜ ನೋಡಿದ್ದು ದನ. ದನಕ್ಕ ಮಾತು ಬರಂಗಿಲ್ಲ. ಪಾಲಾಕ್ಷಪ್ಪಾರಿಗೆ ಬರತೈತಲ್ರಿ?"

ಇಂಥ ಅಲ್ಪ ಮಾತಿಗೆಲ್ಲ ವೈದ್ಯರು ಉತ್ತರ ಕೊಡುವುದಿಲ್ಲ. ಬೆರಳಿಟ್ಟೆ. ಐಸಿನಂತೆ ತಣ್ಣಗಿತ್ತು! ಗುಂಡಿ ಒತ್ತಿದೆ. ದೀಪವಿಲ್ಲ, ಸದ್ದಿಲ್ಲ, ಉಸಿರಿಲ್ಲ. ನನ್ನ ಆನಂದಕ್ಕೆ ಪಾರವೇ ಇಲ್ಲ! ನೆಗಡಿ ಕೆಮ್ಮು ಬಂದಿದ್ದರೆ ಪ್ರಿನ್ಸಿಪಾಲರ ಮುಂದೆ ಏನು ತೋರಿಸುವುದು? ಇದು ಹೆಣ. ಐದು ಗಂಟೆಗೆ ಹೆಣ ಎದ್ದು ಕೂರುತ್ತದೆ, ಹನ್ನೆರಡು ಲ್ಯಾಪ್‌ಟಾಪ್ ನನ್ನ ಮಡಿಲಿಗೆ ಬೀಳುತ್ತವೆ! "ಮದರ್‌ಬೋರ್ಡಿಗೇ ಏಟು ಬಿದ್ದೈತಿ" ಎಂದು ಘೋಷಿಸಿ ಸ್ಕ್ರೂಡ್ರೈವರ್ ಎತ್ತಿದೆ.

ಒಳಗೆ ಕಂಡ ಹಾನಿಯನ್ನು ಏನೆಂದು ಬಣ್ಣಿಸಲಿ! ಫ್ಯಾನಿನಲ್ಲಿ ಒಂದು ಕೂಸಿನ ದಿಂಬಿಗೆ ಸಾಕಾಗುವಷ್ಟು ಧೂಳು. ಮುಚ್ಚಳದ ಕೀಲು ಮುದುಕರ ಮಂಡಿಯಂತೆ ಲಟಲಟ. ಅಕ್ಷರದ ಗುಂಡಿಗಳ ಕೆಳಗೆ ಏನೋ ಕಂದು ಅಂಟು. ಮೂಸಿ ನೋಡಿದೆ. ಹೋಳಿಗೆಯ ಹೂರಣ! ಸಂಬಂಧ ಕುದುರಿದ ಮನೆಯಲ್ಲೆಲ್ಲ ಒಂದು ಕೈಯಲ್ಲಿ ಹೋಳಿಗೆ, ಇನ್ನೊಂದು ಕೈಯಲ್ಲಿ ಕೀಬೋರ್ಡು ನಡೆದಿರಬೇಕು. ವಹಿಯಲ್ಲಿ ಬರೆದೆ: "ಹಾನಿ ಭಾರಿ. ಸಾಮಾನ್ಯರ ಕೈಗೆ ಮೀರಿದ್ದು."

ಫ್ಯಾನು ಉಜ್ಜಿದೆ, ಕೀಲು ಬಿಗಿದೆ, ಹನ್ನೊಂದು ಗುಂಡಿಗಳನ್ನು ಕಿತ್ತು ತೊಳೆದೆ. ಒಣಗಿಸುವುದು ಹೇಗೆ? ಹೊರಗೆ ಮೋಡ. ಆಗ ಹೊಳೆಯಿತು ನೋಡಿ ಉಪಾಯ! ಗಾಳಿಯಲ್ಲಿ ಹನಿ ತೇವ ಕಂಡರೂ ಕುಡಿದು ಮೆತ್ತಗಾಗುವ ವಸ್ತು ಯಾವುದು? ಮಂಡಕ್ಕಿ! ಸದ್ದಿಲ್ಲದೆ ಅಡುಗೆಮನೆಗೆ ಹೋಗಿ ಹನ್ನೊಂದನ್ನೂ ಮಂಡಕ್ಕಿ ಡಬ್ಬಿಯಲ್ಲಿ ಹೂತು ಬಂದೆ.

ನಾಲ್ಕೂವರೆಗೆ ಗುಂಡಿ ತರಲು ಏಳುತ್ತಿದ್ದೆ, ಅಮರೇಶ್ ಸರ್ ಅರ್ಧ ತಾಸು ಮೊದಲೇ ಬಂದುಬಿಟ್ಟರು. ಬಿಚ್ಚಿದ ಲ್ಯಾಪ್‌ಟಾಪಿನ ಸುತ್ತ ಅವರನ್ನು ಪ್ರದಕ್ಷಿಣೆ ಹಾಕಿಸಿ ಹಾನಿಯ ವಹಿ ಓದತೊಡಗಿದೆ. ಅಷ್ಟರಲ್ಲಿ ನಾಗಲಿಂಗಮ್ಮ ಬಟ್ಟಲು ತುಂಬ ಖಾರ ಮಂಡಕ್ಕಿ ತಂದಿಟ್ಟಳು. ನಾನು ಎರಡೂ ಕೈ ಅಡ್ಡ ಚಾಚಿದೆ!

"ಸರ್, ತಡೀರಿ..."

ಸರ್ ಅಷ್ಟೊತ್ತಿಗೆ ಒಂದು ಹಿಡಿ ಬಾಯಿಗೆ ಎಸೆದಿದ್ದರು. ಕಟಕ್! ಮೆಲ್ಲಗೆ ಬಾಯಿಂದ ಏನೋ ತೆಗೆದು ಬೆಳಕಿಗೆ ಹಿಡಿದರು.

"ಶೇಂಗಾ ಅನ್ಕೊಂಡೆ. ಇದರ ಮ್ಯಾಲೆ 'ಕೆ' ಅಂತ ಬರದೈತಲ್ರಿ ಗಂಗಾಧರಪ್ಪಾರ!"

"ಅಯ್ಯ ಶಿವನ!" ನಾಗಲಿಂಗಮ್ಮ ಹಣೆ ಬಡಿದುಕೊಂಡಳು. "ಕಲಸೋವಾಗ ಕರ್ರಗ ಏನೋ ಕಂಡ್ವು. ಒಣಕೊಬ್ರಿ ಸೀದೈತಿ ಅನ್ಕೊಂಡ್ನಿ! ಡಬ್ಬಿಯಾಗ ಏನು ಬಿತ್ತೀರಿ?"

"ಒಣಗಾಕ ಇಟ್ಟಿದ್ದೆ..."

"ಒಣಗ್ಯಾವ ತಗೋರಿ! ಉಪ್ಪು ಖಾರಾನೂ ಹತ್ಯಾವ!"

ಮೂವರೂ ಬಟ್ಟಲು ಸುತ್ತಿ ಕೂತು ಅಕ್ಷರ ಆರಿಸಿದೆವು. ಸರ್ ಅಂತೂ ಹುರುಪಿಗೆ ಬಿದ್ದರು. "ಇಲ್ಲೊಂದು 'ಪಿ'! ಈ ಬೆಳ್ಳುಳ್ಳಿ ಬುಡದಾಗ 'ಎಸ್' ಐತ್ರಿ!" ಹತ್ತು ಸಿಕ್ಕವು. ಹನ್ನೊಂದನೆಯದು ಬಾಣಲೆಯಲ್ಲಿ ಸಾಸಿವೆಯ ಜೊತೆ ಆರಾಮಾಗಿ ಕೂತಿತ್ತು. ಒಗ್ಗರಣೆಯನ್ನು ಒಲೆಯಿಂದ ಇಳಿಸಿದ ಮೇಲೆ ಮಂಡಕ್ಕಿ ಕಲಸಿದ್ದಕ್ಕೆ ಒಂದೂ ಕರಗಿರಲಿಲ್ಲ. ಒರೆಸಿ, ಜಾಗಕ್ಕೆ ಕೂರಿಸಿ, ಕೊನೆಯ ಸ್ಕ್ರೂ ಬಿಗಿದಾಗ ಸರಿಯಾಗಿ ಐದು.

"ಈಗ ನೋಡ್ರಿ ಸರ್, ಸತ್ತದ್ದು ಏಳತೈತಿ!" ಮೂರು ಬೆರಳು ಮೇಲೆತ್ತಿ ಗುಂಡಿ ಒತ್ತಿದೆ.

ಏಳಲಿಲ್ಲ.

ಮತ್ತೆ ಒತ್ತಿದೆ. ಹಿಡಿದು ಒತ್ತಿದೆ. ಹೊಗಳಿ ಒತ್ತಿದೆ. ಸರ್ ಗಡಿಯಾರ ನೋಡಿದರು. ನಾಗಲಿಂಗಮ್ಮ ಬಾಗಿಲಲ್ಲಿ ನಿಂತು ಪಡಸಾಲೆಯ ನಾಲ್ಕೂ ಮೂಲೆಗಳನ್ನು, ಊರು ಬಿಟ್ಟು ಹೋಗುವ ನೆಂಟರನ್ನು ನೋಡುವಂತೆ ನೋಡಿದಳು.

ಅದೇ ಗಳಿಗೆಗೆ ಪಾಲಾಕ್ಷಪ್ಪ ಒಳಗೆ ಬಂದರು. "ಆತೇನ್ರಿ?"

"ಮದರ್‌ಬೋರ್ಡ್... ಕೇಸು ಸ್ವಲ್ಪ ಗಂಭೀರ ಐತಿ..." ಎಂದು ತೊದಲಿದೆ.

"ಎಂಥ ಕೇಸ್ರಿ? ನಮ್ಮೂರಾಗ ಮೂರು ದಿನದಿಂದ ಕರೆಂಟಿಲ್ಲ. ಸ್ವಲ್ಪ ಚಾರ್ಜ್ ಹಾಕ್ಕೊಡ್ರಿ ಅನ್ನಾಕ ಬಂದಿದ್ನಿ. ನೀವು ಬಾಯಿ ತೆಗಿಯಾಕ ಬಿಟ್ರಲ್ಲ!"

ಸರ್ ಬಾಯಲ್ಲಿ ಮಂಡಕ್ಕಿ ನಿಂತುಹೋಯಿತು. ನಾಗಲಿಂಗಮ್ಮ ಗೂಟದಲ್ಲಿದ್ದ ಬ್ಯಾಗಿನಿಂದ ಚಾರ್ಜರ್ ತೆಗೆದಳು. ಒಂದು ತುದಿ ಗೋಡೆಗೆ, ಇನ್ನೊಂದು ತುದಿ ಲ್ಯಾಪ್‌ಟಾಪಿಗೆ. ಗುಂಡಿ ಒತ್ತಿದಳು. ದೀಪ ಹತ್ತಿತು! ಪರದೆಯ ಮೇಲೆ ಹರಪನಹಳ್ಳಿಯ ವರನೊಬ್ಬ ಮೀಸೆ ಸಮೇತ ನಕ್ಕ. ಫ್ಯಾನಿನ ಸದ್ದೇ ಇಲ್ಲ. ಮುಚ್ಚಳ ನಿಲ್ಲಿಸಿದಲ್ಲಿ ನಿಂತಿತು.

ಪಾಲಾಕ್ಷಪ್ಪ ಗುಂಡಿಗಳನ್ನು ಒತ್ತಿ ನೋಡಿದವರೇ ಕೂಗಿಕೊಂಡರು. "ಯಪ್ಪಾ! 'ಎಸ್' ಬರಾಕತ್ತೈತಿ! ಇದು ಕೈಕೊಟ್ಟು ವರ್ಷಾತ್ರಿ! ಸರೋಜಾ, ಸುಮಿತ್ರಾ, ಸಾವಿತ್ರಿ, ಎಷ್ಟು ಹುಡುಗ್ಯಾರು ಈ ಒಂದು ಗುಂಡಿ ಸಲುವಾಗಿ ಮದುವಿ ಇಲ್ಲದ ಕುಂತಾರ!"

ನನ್ನ ಎದೆ ಮತ್ತೆ ಉಬ್ಬಿತು! ಹೇಳಿದ ರೋಗ ತಪ್ಪಿದ್ದರೇನು, ಹೇಳದ ಮೂರು ರೋಗ ಹಿಡಿದು ಕೆಡವಿದ್ದೆನಲ್ಲ! ಮೂರು ತಾಲೂಕಿನ ಸಕಾರದ ಕನ್ಯೆಯರನ್ನೆಲ್ಲ ಒಂದೇ ದಿನದಲ್ಲಿ ಉದ್ಧಾರ ಮಾಡಿದವನು ಬೇರೆ ಯಾರಿದ್ದಾನೆ?

ಅಮರೇಶ್ ಸರ್ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಕೆಲಸ ನಿಮಗ ಖರೇ, ಗಂಗಾಧರಪ್ಪಾರ. ಇಷ್ಟು ಕಾಳಜಿಲೇ ಬಿಚ್ಚಿ ನೋಡೋರು ನನಗ ಬ್ಯಾರೆ ಸಿಗಂಗಿಲ್ಲ. ಸೋಮವಾರ ಹನ್ನೆರಡೂ ಕಳಸ್ತೀನಿ."

ಆ ಮಾತು ನೆಲಕ್ಕೆ ಬೀಳುವ ಮೊದಲೇ ನಾಗಲಿಂಗಮ್ಮ ಕಸಬರಿಗೆ ತಂದು ಪಡಸಾಲೆ ಗುಡಿಸಲು ನಿಂತಳು! ಸರ್ ಮೆಟ್ಟಿಲ ತನಕ ಹೋದವರು ಹಿಂದಿರುಗಿ ನೋಡಿದರು.

"ಅಂದಂಗ, ಅವು ಬಂದ ಕೂಡಲೇ ಮೊದಲು ಏನು ಮಾಡ್ತೀರಿ?"

ಪಾಲಾಕ್ಷಪ್ಪ ನನ್ನ ಕೈಯನ್ನೇ ನೋಡಿದರು. ಕಸಬರಿಗೆ ನಡುವೆಯೇ ನಿಂತಿತು. ನಾನು ಮೂರೂ ಬೆರಳುಗಳನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

"ಏನಾಗೈತಿ ಅಂತ ಕೇಳ್ತೀನಿ ಸರ್," ಅಂದೆ.